ಬೀಗರ ಭಾಷೆ

ನನಗೆ ಬರುತ್ತಿದ್ದ ಜಪಾನಿ ಭಾಷೆ ಬಹಳ ಸ್ವಲ್ಪ. ಹೊಸಬರು ಎದುರಾದರೆ ನನ್ನ ಹೆಸರು ಹೇಳಬಲ್ಲೆ, ಊರು ಹೇಳಬಲ್ಲೆ, ನಿಮ್ಮದು ಯಾವ ಊರು ಎಂದು ಕೇಳಬಲ್ಲೆ. ಅವರು ಉತ್ತರ ಕೊಡಲು ಸುರು ಮಾಡಿದರೆ ಮಾತ್ರ ಕಷ್ಟ. ಅಷ್ಟೇ ಬಂಡವಾಳದ ಮೇಲೆ ನಾನು ಒಂದು ಚಳಿಗಾಲವಿಡೀ ಖಾನಾಪುರದಲ್ಲಿ ಜಪಾನಿ ಕಲಿಸುವ ಅಕ್ಕೋರು ಆಗಿದ್ದೆ ಎಂದರೆ ಈಗ ನನಗೇ ನಗು ಬರುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಮ್ಮದು ಮೂಲತಃ ಬೆಳಗಾವಿ ಹತ್ತಿರದ ಕಾಕತಿ. ಅಜ್ಜನ ಕಾಲದವರೆಗೂ ಕುರಿ ಮತ್ತು ಹೊಲ. ಅಪ್ಪನಿಗೆ ವಿದ್ಯುತ್ ಇಲಾಖೆಯಲ್ಲಿ ನೌಕರಿ ಸಿಕ್ಕ ಮೇಲೆ ಬೆಳಗಾವಿಯ ಮಹಾಂತೇಶ ನಗರದಲ್ಲಿ ಒಂದು ಸಣ್ಣ ಮನೆ ಕಟ್ಟಿಸಿದ್ದರು. ನಾನು ಪುಣೆಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಪದವಿ ಓದಿದೆ. ಅತ್ತೆಯ ಮನೆಯ ಹತ್ತಿರ ಸಂಜೆ ಹೊತ್ತು ಜಪಾನಿ ಕಲಿಸುವ ಒಂದು ವರ್ಗ ನಡೆಯುತ್ತಿತ್ತು. ಪುಣೆಯಲ್ಲಿ ಆಗ ಜಪಾನಿ ಕಲಿಯುವ ಹುಚ್ಚು ಬಹಳ ಜನಕ್ಕೆ ಹಿಡಿದಿತ್ತು. ನಾನು ಹೋಗಿದ್ದು ಮಾತ್ರ ಸಂಜೆ ಮನೆಯಲ್ಲಿದ್ದರೆ ಅತ್ತೆ ಕೆಲಸ ಹಚ್ಚುತ್ತಾರೆ ಎಂಬ ಕಾರಣಕ್ಕೆ.

ಅಲ್ಲಿ ನನ್ನ ಪಕ್ಕ ಕೂತವಳು ಖಾನಾಪುರದ ಹುಡುಗಿ, ಜೈನರ ಮನೆಯವಳು. ಇಡೀ ವರ್ಗದಲ್ಲಿ ಕನ್ನಡದವರು ನಾವಿಬ್ಬರೇ. ಜಪಾನಿ ವಾಕ್ಯಗಳನ್ನು ಮರಾಠಿಯಲ್ಲಿ ಕೇಳಿಸಿಕೊಂಡು ಕನ್ನಡದಲ್ಲಿ ಪಿಸುಗುಟ್ಟಿಕೊಳ್ಳುತ್ತಿದ್ದೆವು. ಮೊದಲ ಪರೀಕ್ಷೆ ಮುಗಿದದ್ದೇ ಅಪ್ಪ “ಡಿಗ್ರಿ ಆತಲ್ಲ, ಇನ್ನ ಮನಿಗೆ ಬಾ” ಎಂದರು, ನಾನು ಗಂಟು ಕಟ್ಟಿಕೊಂಡು ಬೆಳಗಾವಿಗೆ ಬಂದೆ. ಗೆಳತಿ ಅಲ್ಲೇ ಉಳಿದಳು, ಮುಂದಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದಳು, ಒಂದು ಕಾರ್ಖಾನೆಯಲ್ಲಿ ದುಭಾಷಿಯಾದಳು. ಆ ಕಾರ್ಖಾನೆಗೆ ಬಂದಿದ್ದ ಒಬ್ಬ ಜಪಾನಿ ಇಂಜಿನಿಯರನನ್ನು ಮದುವೆಯಾಗುತ್ತೇನೆ ಎಂದೂ ಹೇಳಿದಳು.

ಅವಳ ಅಪ್ಪ ಆವತ್ತಿನಿಂದ ಅವಳ ಕೂಡ ಮಾತು ಬಿಟ್ಟರು. ಬೈಯಲಿಲ್ಲ, ಕೂಗಾಡಲಿಲ್ಲ. ಫೋನಿನಲ್ಲಿ ಅವಳ ದನಿ ಕೇಳಿದರೆ ಏನೂ ಹೇಳದೆ ಹೆಂಡತಿಯ ಕೈಗೆ ಕೊಡುತ್ತಿದ್ದರು, ಅಷ್ಟೇ. ಹೀಗೆ ಹತ್ತಿರ ಹತ್ತಿರ ಒಂದು ವರ್ಷ ನಡೆದಿತ್ತು. ಅಷ್ಟರಲ್ಲಿ ಹುಡುಗನ ತಂದೆತಾಯಿ ಜಪಾನಿನಿಂದ ಬಂದು ಹುಡುಗಿಯ ಮನೆಯವರನ್ನು ಕಾಣುತ್ತೇವೆ ಎಂದು ಹೇಳಿ ಕಳಿಸಿದರು. ಅದಕ್ಕೆ ಅವಳ ಅಪ್ಪ ಹೇಳಿದ್ದು ಒಂದೇ ಮಾತಂತೆ. “ಬರ್ಲಿ. ಬಂದವರಿಗೆ ಬಾಗಲಾ ಹಾಕೂ ಮಂದಿ ನಾವಲ್ಲ.”

ದೀಪಾವಳಿ ಮುಗಿದ ಹೊಸದರಲ್ಲಿ ಗೆಳತಿಯ ಫೋನು ಬಂತು.

“ನಮ್ಮವ್ವ ಜಪಾನಿ ಕಲೀತೀನಿ ಅಂತ ಹಟ ಹಿಡದಾಳ. ನೀ ಹೋಗಿ ಸ್ವಲ್ಪ ಹೇಳಿಕೊಡ್ತೀಯೇನು?”

“ನನಗ ಎಲ್ಲಿ ಬರ್ತದ? ನೀನ ಫೋನಿನ್ಯಾಗ ಹೇಳಿಕೊಡು.”

“ಫೋನ್ ಇರೂದು ಅಪ್ಪನ ಅಂಗಡ್ಯಾಗ. ಅವರ ಮುಂದ ಹೆಂಗ ಹೇಳಿಕೊಡ್ಲಿ? ನಿನಗ ಬರೂದಷ್ಟ ಸಾಕು. ಅವ್ವಗ ತನ್ನ ಪರಿಚಯ ತಾನ ಹೇಳ್ಕೋಬೇಕಂತ.”

ಮುಂದಿನ ರವಿವಾರ ಖಾನಾಪುರದ ಕೆಂಪು ಬಸ್ಸು ಹತ್ತಿದೆ. ಪದವಿ ಮುಗಿಸಿ ಮನೆಯಲ್ಲಿ ಕೂತವಳಿಗೆ ಎಲ್ಲಿಗಾದರೂ ಹೋಗಬೇಕಾಗಿದೆ ಎನ್ನುವುದೇ ದೊಡ್ಡ ಸಂತೋಷ. ಊರು ದಾಟಿ ಸ್ವಲ್ಪ ದೂರ ಹೋದರೆ ಕೆಂಪು ಮಣ್ಣು ಸುರುವಾಗುತ್ತಿತ್ತು, ಹಂಚಿನ ಭಟ್ಟಿಗಳ ಉದ್ದನೆಯ ಚಿಮಣಿಗಳು ಕಾಣುತ್ತಿದ್ದವು. ಬಸ್ಸಿನಲ್ಲಿ ಹಿಂದಿನ ಸೀಟಿನವರು ಮರಾಠಿಯಲ್ಲಿ ಕೇಳಿದ್ದಕ್ಕೆ ಮುಂದಿನ ಸೀಟಿನವರು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು, ಯಾರಿಗೂ ಅದು ವಿಶೇಷ ಅನ್ನಿಸುತ್ತಿರಲಿಲ್ಲ.

ಗೆಳತಿಯ ಮನೆಯ ಮುಂಭಾಗ ಭಾಂಡೆ ಅಂಗಡಿ. ಮೇಲಿಂದ ಕೆಳಗಿನವರೆಗೆ ಹಿತ್ತಾಳೆ, ತಾಮ್ರ, ಸ್ಟೀಲಿನ ಪಾತ್ರೆಗಳು. ಒಂದು ಪರದೆ ಸರಿಸಿದರೆ ಹಿಂದೆ ಮನೆ. ಅವಳ ಅಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಬಿಳೀ ಟೊಪ್ಪಿಗೆ, ದಪ್ಪ ಕನ್ನಡಕ. ನಾನು “ನಮಸ್ಕಾರ್ರಿ ಕಾಕಾ” ಎಂದೆ. ಅವರು ತಲೆಯೆತ್ತಿ ನೋಡಿ “ಒಳಗ ಅದಾಳ, ಹೋಗವಾ” ಎಂದರು. ನಾನು ಯಾಕೆ ಬಂದಿದ್ದೇನೆಂದು ಅವರಿಗೆ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು.

ಅವಳ ಅವ್ವ, ನಾನು ಕಾಕು ಎನ್ನುತ್ತಿದ್ದೆ, ಎತ್ತರದ, ತೆಳ್ಳಗಿನ ಹೆಂಗಸು. ಮಾತಾಡುವಾಗ ಕೈ ಸುಮ್ಮನಿರುತ್ತಿರಲಿಲ್ಲ. ಏನಾದರೂ ಆರಿಸಬೇಕು, ಸೋಸಬೇಕು, ಬಿಡಿಸಬೇಕು. ನನ್ನನ್ನು ಪಡಸಾಲೆಯಲ್ಲಿ ಕೂಡಿಸಿ, ಮುಂದೆ ಅಕ್ಕಿಯ ಮೊರ ಇಟ್ಟುಕೊಂಡು ಕೂತರು.

“ಸುರು ಮಾಡ್ರಿ ಅಕ್ಕೋರ” ಎಂದರು.

ಶಾಲೆಯ ಹೆಣ್ಣು ಮೇಷ್ಟ್ರಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ತಾಯಿಯ ವಯಸ್ಸಿನವರು ಹಾಗೆ ಕರೆದದ್ದಕ್ಕೆ ನಾಚಿ ನೀರಾದೆ. ಚೀಲದಿಂದ ಪುಣೆಯ ಪಾಠದ ಪುಸ್ತಕ ತೆಗೆದೆ. ಕಾಕು ಕೈ ಅಡ್ಡ ಮಾಡಿದರು.

“ಬರಿಯೂದು ಓದೂದು ಬ್ಯಾಡ. ಬಾಯಿಲೇ ಕಲಸು. ಣಮೋಕಾರ ಮಂತ್ರ ನಾ ಏನ ಬರಕೊಂಡ ಕಲ್ತೇನೇನು?”

ಹೀಗೆ ಬಾಯಿಪಾಠ ಸುರುವಾಯಿತು. ಮೊದಲ ಸಲ ಭೇಟಿಯಾದವರಿಗೆ ಹೇಳುವ ಮಾತು, ಹಾಜಿಮೆಮಾಶ್ತೆ. ಕಾಕು ಅದನ್ನು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿದರು. “ಹಾಜರಾಗೇನಿ ಅಂದಂಗ ಆತಲ್ಲ. ಚಲೋ ಅದ, ನೆನಪ ಉಳೀತದ.” ಮುಂದಿನದು ‘ವತಾಶಿ ವಾ’, ‘ನಾನು’. ಅಲ್ಲಿ ತಕರಾರು ಬಂತು.

“ನಾನು ಅಂತ ಯಾಕ ಹೇಳಬೇಕು? ಅವರ ಎದುರಿಗೆ ನಾನ ನಿಂತಿರ್ತೀನಲ್ಲ.”

“ಪುಸ್ತಕದಾಗ ಹಂಗ ಐತ್ರಿ ಕಾಕು.”

“ಪುಸ್ತಕಕ್ಕ ಕಣ್ಣ ಇಲ್ಲ, ಅದಕ್ಕ ಹೇಳಬೇಕಾಗ್ತದ. ಬೀಗರಿಗೆ ಕಣ್ಣ ಇರ್ತಾವ.”

ನಾನು ಬಿಡಲಿಲ್ಲ, ಅವರೂ ಒಪ್ಪಲಿಲ್ಲ. ಆಮೇಲೆ ಜಪಾನಿನವರ ಜೊತೆ ಕೆಲಸ ಮಾಡಿದಾಗ ತಿಳಿಯಿತು, ಅವರೂ ‘ನಾನು’ ಎನ್ನುವುದು ಅಪರೂಪ.

ಹೆಸರಿನ ನಂತರ ಏನು ಕೆಲಸ ಎಂದು ಹೇಳಬೇಕು. ನನ್ನ ಪುಸ್ತಕದಲ್ಲಿದ್ದ ಜನ ಎಲ್ಲ ವಿದ್ಯಾರ್ಥಿಗಳು, ಶಿಕ್ಷಕರು, ಡಾಕ್ಟರು, ಕಂಪನಿಯ ನೌಕರರು. ಕಾಕು ಇದರಲ್ಲಿ ಯಾವುದೂ ಅಲ್ಲ. ಗೃಹಿಣಿ ಎನ್ನುವ ಶಬ್ದ ನನಗೆ ಗೊತ್ತಿತ್ತು, ಹೇಳಿದೆ. ಅವರಿಗೆ ಸೇರಲಿಲ್ಲ.

“ಮನ್ಯಾಗ ಅಡಗಿ ಮಾಡ್ತೀನಿ ಅಂತ ಹೇಳಾಕ ಅವರು ಅಷ್ಟ ದೂರದಿಂದ ಬರಬೇಕೇನು? ನಾ ಆಕಿ ಅವ್ವ. ಅದನ್ನ ಹೆಂಗ ಹೇಳೂದು?”

“ಹಾಹಾ ದೆಸು.”

“ಏನಂದಿ?”

“ತನ್ನ ತಾಯಿ ಬಗ್ಗೆ ಬ್ಯಾರೇದವರ ಮುಂದ ಹೇಳೂಮುಂದ ‘ಹಾಹಾ’ ಅಂತಾರ್ರಿ. ಈಕಿಯ ಹಾಹಾ ನಾನು, ಅಂತ.”

ಕಾಕು ಮೊರ ಕೆಳಗಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಇದ್ದಿದ್ದು ಇದ್ದಂಗ ಇಟ್ಟಾರ ನೋಡು ಹೆಸರು. ಮಗಳು ಮಾಡೂದು ನೋಡಿ ತಾಯಿ ಹಾಹಾ ಅನ್ನಬೇಕಷ್ಟ. ಮತ್ತ ಅಪ್ಪಗ?”

ಅಪ್ಪನಿಗೆ ‘ಚಿಚಿ’. ನಾನು ಅದನ್ನು ಸಣ್ಣ ದನಿಯಲ್ಲೇ ಹೇಳಿದೆ. ಕಾಕು ಮಾತ್ರ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಗಟ್ಟಿಯಾಗಿ, “ಹಾಹಾ, ಚಿಚಿ. ಹಾಹಾ, ಚಿಚಿ” ಎಂದರು.

ಪರದೆ ಸರಿಯಿತು. ಕಾಕಾ ನಿಂತಿದ್ದರು.

“ಅಂಗಡ್ಯಾಗ ಗಿರಾಕಿ ಅದಾರ. ಒಳಗ ಕುಂತು ನನಗ ಛೀ ಛೀ ಅನ್ನಾಕತ್ತೀರೇನು?”

ನಾನು ದಿಗ್ಗನೆ ಎದ್ದು ನಿಂತೆ. “ಇಲ್ರಿ ಕಾಕಾ, ಅದು ಜಪಾನಿ. ತಂದೀಗ ಹಂಗ ಅಂತಾರ್ರಿ.”

ಅವರು ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದರು. “ತಂದೀಗ ಛೀ ಅನ್ನೂ ಮಂದಿಗೆ ಮಗಳನ್ನ ಕೊಡಾಕ ಹೊಂಟಾಳ” ಎಂದು ಪರದೆ ಬಿಟ್ಟು ಹೋದರು. ಹೊರಗೆ ಗಿರಾಕಿಯ ಜೊತೆ ಅವರು ಮರಾಠಿಯಲ್ಲಿ ಅದೇ ಮಾತು ಹೇಳಿ ನಗುತ್ತಿದ್ದದ್ದು ನಮಗೆ ಕೇಳಿಸಿತು. ಮಗಳ ವಿಷಯ ಅವರ ಬಾಯಲ್ಲಿ ಬಂದದ್ದು ಎಷ್ಟೋ ತಿಂಗಳ ಮೇಲೆ ಅದೇ ಮೊದಲು ಎಂದು ಕಾಕು ಹೇಳಿದರು.

ಆಮೇಲೆ ಪ್ರತಿ ರವಿವಾರ ಹೋದೆ. ಪಾಠ ಮುಗಿದ ಮೇಲೆ ಕಾಕು ತಾಲಿಪೆಟ್ಟು ಬಡಿದು, ಮೇಲೆ ಬೆಣ್ಣೆ ಇಟ್ಟು ಕೊಡುತ್ತಿದ್ದರು. ಹಿಂದಿನ ವಾರದ್ದು ಅವರು ಮರೆತದ್ದಿಲ್ಲ. ಒಗ್ಗರಣೆ ಹಾಕುವಾಗ, ನೀರು ಸೇದುವಾಗ ಒಬ್ಬರೇ ಹೇಳಿಕೊಳ್ಳುತ್ತಿದ್ದರಂತೆ. ಪಕ್ಕದ ಮನೆಯ ಮರಾಠಿ ಹೆಂಗಸು, ಇದು ಯಾವ ದೇವರ ಸ್ತೋತ್ರ ಎಂದು ಕೇಳಿದ್ದಳಂತೆ.

ಒಂದು ರವಿವಾರ ಗಂಡನ ಪರಿಚಯ ಮಾಡಿಸುವ ಪಾಠಕ್ಕೆ ಬಂದೆವು. ‘ಇವರು ಇಂಥವರು’ ಎಂದು ಹೆಸರು ಹೇಳಬೇಕು ಎಂದೆ. ಕಾಕು ತಲೆ ಅಲ್ಲಾಡಿಸಿದರು.

“ಅವರ ಹೆಸರ ನಾ ಹೇಳಂಗಿಲ್ಲ.”

“ಒಂದ ಸಲ ಅಷ್ಟರಿ ಕಾಕು.”

“ಮದಿವ್ಯಾಗ ಒಡಪಿನ್ಯಾಗ ಹೇಳಿದ್ದೆ. ಅದ ಕಡೀದು. ನಿಮ್ಮ ಜಪಾನದಾಗ ಒಡಪ ಇದ್ರ ಹೇಳು, ಕಟ್ಟಿ ಹಾಕ್ತೀನಿ.”

ನಮ್ಮ ಕಡೆ ಮದುವೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪ್ರಾಸದ ಒಂದೆರಡು ಸಾಲಿನೊಳಗೆ ಮುಚ್ಚಿಟ್ಟು ಹೇಳುತ್ತಾರೆ, ಅದು ಒಡಪು. ಜಪಾನಿಯಲ್ಲಿ ಒಡಪು ಎಲ್ಲಿಂದ ತರಲಿ? ಬೆಳಗಾವಿಗೆ ಬಂದು ಎಸ್‌ಟಿಡಿ ಬೂತಿನಿಂದ ಗೆಳತಿಗೆ ಫೋನು ಮಾಡಿದೆ. ಅವಳು ಹೇಳಿದ ಶಬ್ದ ‘ಶುಜಿನ್’. ಮನೆಯ ಯಜಮಾನ ಎಂದು ಅರ್ಥ. ಅಲ್ಲಿಯ ಹಳೇ ತಲೆಮಾರಿನ ಹೆಂಗಸರು ಗಂಡನನ್ನು ಪರಿಚಯಿಸುವಾಗ ಹಾಗೇ ಹೇಳುತ್ತಾರಂತೆ. ಮುಂದಿನ ವಾರ ಇದನ್ನು ಹೇಳಿದಾಗ ಕಾಕುವಿನ ಮುಖ ಅರಳಿತು. “ನಮ್ಮ ಯಜಮಾನ್ರು! ಹಂಗಂದ್ರ ಆಕಿನೂ ಹೆಸರ ಹೇಳಂಗಿಲ್ಲ?” ಇನ್ನೂ ಕಾಣದ ಆ ಬೀಗತಿಯ ಮೇಲೆ ಅವರಿಗೆ ಅವತ್ತೇ ಒಂದು ನಂಬಿಕೆ ಹುಟ್ಟಿತು.

ಕೊನೆಯ ಮಾತು ಉಳಿದಿತ್ತು. ಪರಿಚಯ ಮುಗಿಸುವಾಗ ತಲೆ ಬಾಗಿಸಿ ಹೇಳುವ ‘ದೋಝೊ ಯೊರೊಶಿಕು ಒನೆಗೈಶಿಮಾಸು’. ಪುಣೆಯಲ್ಲಿ ಕಲಿಸುತ್ತಿದ್ದ ನಮ್ಮ ಅಕ್ಕೋರು ಇದರ ಅರ್ಥ ಕೇಳಬೇಡಿ, ಸುಮ್ಮನೆ ಹೇಳಿ ಎಂದಿದ್ದರು. ನಾನೂ ಕಾಕುವಿಗೆ ಅದನ್ನೇ ಹೇಳಿದೆ.

“ಅರ್ಥ ಗೊತ್ತಿಲ್ದ ಮಾತು ಬೀಗರ ಮುಂದ ಆಡ್ಲೇನು? ಏನರ ಹೆಚ್ಚು ಕಡಿಮಿ ಆದ್ರ?”

ನಾನು ತಡವರಿಸಿದೆ. “ಅಂದ್ರ... ನಮ್ಮನ್ನ ಚಲೋತ್ನ್ಯಾಗ ನೋಡ್ಕೋರಿ, ಇನ್ನ ಮುಂದ ನಮ್ಮ ನಿಮ್ಮದು ಛಂದ ನಡೀಲಿ, ನಿಮ್ಮ ಕೈಯಾಗ ಅದೀವಿ... ಹಿಂಗ ಏನೋ ರೀ.”

ಕಾಕುವಿನ ಕೈ ನಿಂತಿತು. ಅವತ್ತು ಅವರು ಹಸೀ ಕಡಲೆ ಬಿಡಿಸುತ್ತಿದ್ದರು.

“ನನ್ನ ಈ ಮನ್ಯಾಗ ಬಿಟ್ಟು ಹೋಗೂಮುಂದ ನಮ್ಮವ್ವ ನಮ್ಮತ್ತಿ ಮುಂದ ನಿಂತು ಇಷ್ಟ ಅಂದಿದ್ಲು. ‘ಸಣ್ಣಾಕಿ ಅದಾಳ್ರಿ, ತಪ್ಪು ಒಪ್ಪು ಹೊಟ್ಟ್ಯಾಗ ಹಾಕ್ಕೋರಿ.’ ನಮ್ಮತ್ತಿ ಏನೂ ಅನ್ನಲಿಲ್ಲ. ಅವ್ವ ಮತ್ತ ಒಮ್ಮೆ ಅಂದ್ಲು.” ಕೈಯಲ್ಲಿದ್ದ ಕಾಯಿ ಬಿಡಿಸಿ ಕೇಳಿದರು, “ಅದ ಮಾತಲ್ಲೇನ ಇದು?”

ನನಗೆ ಆಗ ಇಪ್ಪತ್ನಾಲ್ಕು. ಪರೀಕ್ಷೆಯಲ್ಲಿ ಆ ಸಾಲಿಗೆ ಪೂರ್ತಿ ಅಂಕ ಬಂದಿತ್ತು. ಅದರೊಳಗೆ ಒಬ್ಬ ತಾಯಿ ನಿಂತಿರಬಹುದೆಂದು ಹೊಳೆದಿರಲಿಲ್ಲ. “ಹೌದ್ರಿ ಕಾಕು, ಅದ ಮಾತು” ಎಂದೆ. ಅಂದಿನಿಂದ ಅವರು ಆ ಸಾಲು ಹೇಳುವ ರೀತಿಯೇ ಬೇರೆಯಾಯಿತು. ಅವಸರ ಮಾಡುತ್ತಿರಲಿಲ್ಲ.

ಮಾವಿಗೆ ಹೂ ಬರುವ ಹೊತ್ತಿಗೆ ಅವರು ಬಂದರು. ಪುಣೆಯಿಂದ ಕಾರು ಮಾಡಿಕೊಂಡು ಬಂದು ಬೆಳಗಾವಿಯಲ್ಲಿ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿದ್ದರು. ಹುಡುಗ, ಅವನ ತಂದೆ, ತಾಯಿ, ಜೊತೆಗೆ ನನ್ನ ಗೆಳತಿ. ಬೆಳಿಗ್ಗೆ ನಾನು ಅಲ್ಲಿಗೇ ಹೋದೆ. ಹುಡುಗನ ತಂದೆಯ ಮುಂದೆ ನಿಂತು ನನ್ನ ಪರಿಚಯ ತಪ್ಪಿಲ್ಲದೆ ಹೇಳಿದೆ. ಅವರು ಖುಷಿಯಾಗಿ ಏನೋ ಉದ್ದಕ್ಕೆ ಕೇಳಿದರು. ಒಂದಕ್ಷರ ತಿಳಿಯಲಿಲ್ಲ. ‘ಹಾಯ್’ ಎಂದೆ. ಹೌದು ಎಂದರ್ಥ. ಮತ್ತೇನೋ ಕೇಳಿದರು, ಮತ್ತೆ ‘ಹಾಯ್’. ಆಮೇಲೆ ಗೆಳತಿ ಕಾರಿನಲ್ಲಿ ನಕ್ಕು ನಕ್ಕು ಹೇಳಿದಳು, ನನಗೆ ಮದುವೆಯಾಗಿದೆ, ಗಂಡ ಬೆಳಗಾವಿಯಲ್ಲೇ ಇದ್ದಾನೆ ಎಂದು ನಾನು ಅವರಿಗೆ ತಿಳಿಸಿದ್ದೆನಂತೆ. ಸರಿಪಡಿಸಬೇಡ ಎಂದು ಕೈ ಮುಗಿದೆ.

ಖಾನಾಪುರ ಹತ್ತಿರವಾದಂತೆ ಗೆಳತಿಯ ನಗು ನಿಂತಿತು. ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಆ ರಸ್ತೆಯಲ್ಲಿ ಅವಳು ಬಂದು ಒಂದು ವರ್ಷದ ಮೇಲಾಗಿತ್ತು.

ಅಂಗಡಿ ಅವತ್ತು ಬಂದ್ ಇತ್ತು. ಬಾಗಿಲಲ್ಲಿ ರಂಗೋಲಿ. ಕಾಕು ಹಸಿರು ಇಳಕಲ್ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ನಿಂತಿದ್ದರು. ತುಟಿ ಅಲುಗುತ್ತಿತ್ತು. ಪಾಠ ಹೇಳಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಹುಡುಗನ ತಾಯಿ ಕಾರಿನಿಂದ ಇಳಿದರು. ಗಿಡ್ಡ ದೇಹ, ಬೂದು ಕೂದಲು, ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಒಂದು ಪೆಟ್ಟಿಗೆ. ಕಾಕುವಿನ ಎದುರು ನಿಂತು, ಎರಡೂ ಕೈ ಜೋಡಿಸಿ, ಬಿಡಿಬಿಡಿಯಾಗಿ ಮರಾಠಿಯಲ್ಲಿ ಹೇಳಿದರು, “ನಮಸ್ಕಾರ. ಮೀ ಮುಲಾಚೀ ಆಯೀ.” ನಾನು ಹುಡುಗನ ತಾಯಿ.

ಪುಣೆಯಲ್ಲಿ ಹುಡುಗನ ಮನೆಯ ಮಾಲಕಿ ಕಲಿಸಿಕೊಟ್ಟಿದ್ದಳಂತೆ. ಇದು ಯಾರಿಗೂ ಗೊತ್ತಿರಲಿಲ್ಲ.

ಕಾಕುವಿಗೆ ಏನಾಯಿತೋ, ಮೂರು ತಿಂಗಳ ಜಪಾನಿ ಎಲ್ಲ ಎಲ್ಲಿ ಹೋಯಿತೋ. ಮರಾಠಿ ಶಾಲೆಯಲ್ಲಿ ಓದಿದ ಹೆಂಗಸು, ಬಾಯಿಗೆ ಮರಾಠಿಯೇ ಬಂತು. ಬನ್ನಿ ಬನ್ನಿ, ಪ್ರಯಾಣ ಸುಖವಾಗಿತ್ತೇ, ಬಿಸಿಲು ಬಹಳ, ನಿನ್ನೆಯಿಂದ ದಾರಿ ನೋಡುತ್ತಿದ್ದೇನೆ, ಊಟಕ್ಕೆ ಖಾರ ಕಡಿಮೆ ಹಾಕಿದ್ದೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಬೀಗತಿ ಕಣ್ಣು ದೊಡ್ಡದು ಮಾಡಿಕೊಂಡು ಕೇಳಿದರು. ಅವರಿಗೆ ಬರುತ್ತಿದ್ದದ್ದು ಆ ಒಂದು ಸಾಲು ಮಾತ್ರ.

ಕಾಕಾ ಬಾಗಿಲೊಳಗಿಂದ ಮೆಲ್ಲಗೆ ಅಂದರು, “ಮರಾಠಿ ತನಕ ಬಂದಾರ, ಇನ್ನೊಂದ ನಾಕ ಹೆಜ್ಜಿ ಈ ಕಡೆ ಬಂದಿದ್ರ ಕನ್ನಡಾನೂ ಬರತಿತ್ತು.”

ನಾನು ಕಾಕುವಿನ ಸೆರಗು ಜಗ್ಗಿದೆ. ಅವರು ನಾಲಿಗೆ ಕಚ್ಚಿಕೊಂಡರು. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ನಿಂತರು. “ಹಾಜಿಮೆಮಾಶ್ತೆ” ಎಂದರು. ಮಗಳ ಹೆಸರು ಹೇಳಿ ಅವಳ ‘ಹಾಹಾ’ ತಾನು ಎಂದರು. ಒಳಗೆ ನಿಂತವರ ಕಡೆ ಕೈ ತೋರಿಸಿ “ಶುಜಿನ್ ದೆಸು” ಎಂದರು. ಆಮೇಲೆ ಕೊನೆಯ ಸಾಲು. ಅದನ್ನು ಹೇಳುವಾಗ ಅವರು ಬಾಗಿದ್ದು ನಾನು ಕಲಿಸಿದ ಹಾಗಿರಲಿಲ್ಲ, ಇನ್ನೂ ಕೆಳಗೆ ಬಾಗಿದರು. ಎದುರಿನ ಹೆಂಗಸು ಪೆಟ್ಟಿಗೆಯನ್ನು ನೆಲಕ್ಕಿಟ್ಟು, ಅದೇ ಮಾತನ್ನು ಹೇಳುತ್ತಾ ಅವರಿಗಿಂತ ಕೆಳಗೆ ಬಾಗಿದರು. ಕಾಕು ಮತ್ತೆ ಬಾಗಿದರು. ಯಾರು ಮೊದಲು ಏಳಬೇಕೆಂದು ತಿಳಿಯದೆ ಇಬ್ಬರೂ ಹಾಗೇ ಇದ್ದರು. ಕೊನೆಗೆ ಹುಡುಗ ನಗುತ್ತಾ ತನ್ನ ತಾಯಿಯ ಭುಜ ಮುಟ್ಟಿದ.

ಒಳಗೆ ಎರಡು ಕುರ್ಚಿಗಳಲ್ಲಿ ಇಬ್ಬರು ತಂದೆಯರು ಕೂತರು. ಗೆಳತಿ ಅಡಿಗೆಮನೆಯ ಬಾಗಿಲ ಮರೆಯಲ್ಲಿದ್ದಳು. ಬಂದಾಗ ಅಪ್ಪನ ಕಾಲಿಗೆ ನಮಸ್ಕಾರ ಮಾಡಿದ್ದಳು, ಅವರು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ, ಮಾತೂ ಆಡಲಿಲ್ಲ.

ಕೊನೆಗೆ ಕಾಕಾ ಟೊಪ್ಪಿಗೆ ಸರಿ ಮಾಡಿಕೊಂಡರು.

“ನಾ ನನ್ನ ಭಾಷಾದಾಗನ ಮಾತಾಡ್ತೀನಿ. ಯಾರರ ಅವರಿಗೆ ಹೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಕನ್ನಡ, ಜಪಾನಿ ಎರಡನ್ನೂ ಬಲ್ಲವಳು ಆ ಮನೆಯಲ್ಲಿ ಒಬ್ಬಳೇ. ಅವಳು ಮರೆಯಿಂದ ಹೊರಗೆ ಬಂದು, ಕುರ್ಚಿಗಳ ನಡುವೆ ಚಾಪೆಯ ಮೇಲೆ ಕೂತಳು.

ಕಾಕಾ ಅವಳನ್ನು ನೋಡದೆ, ಬೀಗರನ್ನೇ ನೋಡುತ್ತಾ ಹೇಳಿದರು. “ನಮ್ಮದು ಭಾಂಡೆ ವ್ಯಾಪಾರ. ನಮ್ಮ ಅಜ್ಜ ಸುರು ಮಾಡಿದ್ದು.” ಅವಳು ಜಪಾನಿಯಲ್ಲಿ ಹೇಳಿದಳು. “ನಾವು ಮಾಂಸ ಮೀನ ಮುಟ್ಟಂಗಿಲ್ಲ. ಹೊತ್ತ ಮುಳುಗಿದ ಮ್ಯಾಲ ಉಣ್ಣಂಗಿಲ್ಲ. ಇದು ನಮ್ಮ ನಡತಿ. ಇದನ್ನ ಈಕಿಗೂ ಕಲಿಸೇನಿ.” ಅದನ್ನೂ ಹೇಳಿದಳು. “ಈಕಿ ಸಣ್ಣಾಕಿ ಇದ್ದಾಗಿಂದ ಹಟಮಾರಿ. ಆದ್ರ ಸುಳ್ಳ ಹೇಳೂದು ಗೊತ್ತಿಲ್ಲ.”

ಗೆಳತಿ ಸುಮ್ಮನೆ ಕೂತಳು. ಕಾಕಾ ಆಗ ಮೊದಲ ಸಲ ಅವಳ ಮುಖ ನೋಡಿದರು.

“ಹೇಳು. ನಾ ಹೇಳಿದ್ದು ಹೇಳು.”

ಅವಳು ಹೇಳಿದಳು. ದನಿ ಒಡೆದಿತ್ತು, ಆದರೂ ಹೇಳಿದಳು. ಹುಡುಗನ ತಂದೆ ತಲೆಯಾಡಿಸುತ್ತಾ ಕೇಳಿದರು, ಹೆಂಡತಿಯ ಕಡೆ ತಿರುಗಿ ಏನೋ ಕೇಳಿದರು, ಆಮೇಲೆ ನಿಧಾನವಾಗಿ ಉತ್ತರ ಕೊಟ್ಟರು. ಗೆಳತಿ ಕಣ್ಣು ಒರೆಸಿಕೊಂಡು ಅಪ್ಪನ ಕಡೆ ತಿರುಗಿದಳು.

“ಅಪ್ಪಾ, ಅವರಂತಾರ... ನಮ್ಮ ಮನ್ಯಾಗ ದಿನಾ ಮೀನ ಬೇಯ್ತದ, ಅದು ಬಿಡಾಕ ಆಗಂಗಿಲ್ಲ. ಆದ್ರ ಈಕಿ ಸಲವಾಗಿ ಬ್ಯಾರೆ ಒಲಿ ಇಡಿಸೇವಿ. ಬ್ಯಾರೆ ಭಾಂಡೇನೂ ನನ್ನ ಹೆಂಡ್ತಿ ನೋಡಿ ಬಂದಾಳ, ಊರಿಗೆ ಹೋದ ಮ್ಯಾಲ ಕೊಳ್ಳೂದು ಅಂತ.”

ಕಾಕಾ ಕುರ್ಚಿಯಲ್ಲಿ ನೆಟ್ಟಗಾದರು.

“ಭಾಂಡೆ ಯಾಕ ಕೊಳ್ಳತಾರ?” ಎಂದರು. ಸಿಟ್ಟು ಬಂದವರ ದನಿ. “ಮಗಳ ಭಾಂಡೆ ತೌರಮನಿಯಿಂದ ಹೋಗೂವು. ಭಾಂಡೆ ಅಂಗಡಿಯವನ ಮಗಳು ಬ್ಯಾರೆಯವರ ಅಂಗಡಿ ಭಾಂಡ್ಯಾಗ ಅಡಗಿ ಮಾಡಬೇಕೇನು? ಹೇಳು ಅವರಿಗೆ.”

ಅಡಿಗೆಮನೆಯಲ್ಲಿ ಕಾಕು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತರು. ಗೆಳತಿ ಅದನ್ನು ಜಪಾನಿಯಲ್ಲಿ ಹೇಳಲು ಹೋಗಿ, ಆಗದೆ, ಅಪ್ಪನ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತಳು. ಕಾಕಾ ಅವಳ ತಲೆಯ ಮೇಲೆ ಕೈ ಇಟ್ಟರು. “ಅಳಬ್ಯಾಡ. ಮಂದಿ ಕುಂತಾರ. ಮೊದಲ ಹೇಳು” ಎಂದರು. ಹುಡುಗನ ತಂದೆಗೆ ಯಾರೂ ಏನೂ ಹೇಳದೆಯೇ ಏನೋ ತಿಳಿದಿರಬೇಕು. ಎದ್ದು, ಕಾಕಾನ ಮುಂದೆ ಬಾಗಿದರು. ಕಾಕಾ ಗಡಬಡಿಸಿ ಎದ್ದು ಅವರ ಎರಡೂ ಕೈ ಹಿಡಿದುಕೊಂಡರು. “ಕುಂದರ್ರಿ, ಕುಂದರ್ರಿ” ಎಂದು ಕನ್ನಡದಲ್ಲಿ ಹೇಳಿದರು. ಅವರು ಕೂತರು.

ಊಟಕ್ಕೆ ಹೋಳಿಗೆ. ಬೀಗತಿ ತಂದ ಪೆಟ್ಟಿಗೆ ಬಿಚ್ಚಿದರೆ ಅದರಲ್ಲಿ ಸಣ್ಣ ಸಣ್ಣ ದುಂಡನೆಯ ಸಿಹಿ, ಒಳಗೆ ಕೆಂಪು ಕಾಳಿನ ಹೂರಣ. ತತ್ತಿ ಹಾಕದ್ದನ್ನೇ ಹುಡುಕಿ ತಂದಿದ್ದರು. ಕಾಕು ಒಂದು ಚೂರು ಬಾಯಿಗೆ ಹಾಕಿಕೊಂಡು, “ಬೆಲ್ಲ ಕಡಿಮಿ ಆಗೇತಿ” ಎಂದು ನನ್ನ ಕಿವಿಯಲ್ಲಿ ಹೇಳಿದರು.

ಮಧ್ಯಾಹ್ನ ಎಲ್ಲರೂ ಹತ್ತಿರದ ಹಲಸಿ ಎಂಬ ಊರಿಗೆ ಹೋದೆವು. ಅಲ್ಲಿಯ ಬಸದಿಯನ್ನು ಬೀಗರಿಗೆ ತೋರಿಸಲೇಬೇಕೆಂದು ಕಾಕಾ ಹಟ ಮಾಡಿದ್ದರು. ಇಬ್ಬರು ತಂದೆಯರೂ ಬರಿಗಾಲಲ್ಲಿ ಮುಂದೆ ಮುಂದೆ ನಡೆದರು. ಕಾಕಾ ಗೋಡೆ ತೋರಿಸಿ ಕದಂಬರ ಕಾಲದ್ದೆಂದು ಕನ್ನಡದಲ್ಲಿ ವಿವರಿಸುತ್ತಿದ್ದರು, ಇನ್ನೊಬ್ಬರು ಪ್ರತಿ ಮಾತಿಗೂ ‘ಹಾಯ್’ ಎನ್ನುತ್ತಿದ್ದರು. ಗೆಳತಿ ಅನುವಾದಿಸಲು ಓಡಿ ಹೋದರೆ ಕಾಕಾ ಬೇಡವೆಂದು ಕೈ ಮಾಡಿದರು.

ಆ ಬೇಸಿಗೆಯಲ್ಲೇ ಮದುವೆಯಾಯಿತು. ದೊಡ್ಡ ಗದ್ದಲವಿಲ್ಲದೆ, ಖಾನಾಪುರದಲ್ಲೇ. ಕೆಲವು ನೆಂಟರು ಬರಲಿಲ್ಲ, ಕಾಕಾ ಅವರನ್ನು ಮತ್ತೆ ಕರೆಯಲೂ ಇಲ್ಲ. ಕಾಕಾ ಮಗಳಿಗೆ ಕೊಟ್ಟ ಭಾಂಡೆಗಳಲ್ಲಿ ತಾಮ್ರದ ಹಂಡೆಯೊಂದನ್ನು ಬಿಟ್ಟು ಉಳಿದವೆಲ್ಲ ಕೆಲವು ವರ್ಷಗಳ ನಂತರ ಗೆಳತಿಯ ಜೊತೆ ಜಪಾನಿಗೆ ಹೋದವು. ನನಗೆ ಆ ಚಳಿಗಾಲದಿಂದ ಒಂದು ದಾರಿ ಸಿಕ್ಕಿತು. ಮತ್ತೆ ಪುಣೆಗೆ ಹೋಗಿ ಮುಂದಿನ ಪರೀಕ್ಷೆಗಳನ್ನು ಬರೆದೆ, ಜಪಾನಿನವರ ಜೊತೆ ಕೆಲವು ವರ್ಷ ಕೆಲಸ ಮಾಡಿದೆ, ಆಮೇಲೆ ಮಹಾಂತೇಶ ನಗರದ ಮನೆಯ ಮುಂಗೋಣೆಯಲ್ಲಿ ಕಲಿಸಲು ಸುರು ಮಾಡಿದೆ.

ಕಾಕು ಒಮ್ಮೆ ಜಪಾನಿಗೆ ಹೋಗಿ ಬಂದರು. ಮೊಮ್ಮಗಳು ಹುಟ್ಟಿದಾಗ. ಅವರು ಬಂದ ಸುದ್ದಿ ಕೇಳಿ ನಾನು ಖಾನಾಪುರಕ್ಕೆ ಹೋದೆ. ಹೇಗಿತ್ತು, ಮಾತಾಡಿದಿರಾ ಎಂದು ಕೇಳಿದೆ.

“ನೀ ಕಲಿಸಿದ್ದು ಮೊದಲನೇ ದಿನಾನ ಮುಗದ್ವು ತಂಗಿ” ಎಂದರು. “ಆಕಿ ಮರಾಠಿನೂ ಮುಗೀತು. ಆಮ್ಯಾಲ ಒಂದ ದಿನ ಮಗಳು ದವಾಖಾನಿಗೆ ಹೋಗಿದ್ಲು, ಮನ್ಯಾಗ ನಾವಿಬ್ಬರ. ಆಕಿ ಒಂದು ಬುಟ್ಟಿ ಹಣ್ಣ ತಂದ್ಲು. ಟೊಮೆಟೊದ್ಹಂಗ ಇರ್ತಾವ, ಕಿತ್ತಳಿ ಬಣ್ಣ. ಆಕಿ ಸಿಪ್ಪಿ ತಗದು ಕೊಡಾಕಿ, ನಾ ಹಗ್ಗಕ್ಕ ಕಟ್ಟಾಕಿ. ಒಣಗಸಾಕ ಮಾಡಿನ ಕೆಳಗ ತೂಗ ಹಾಕ್ತಾರ ಅಲ್ಲಿ. ಬುಟ್ಟಿ ಖಾಲಿ ಆತು. ಇಬ್ಬರೂ ಏಳಲಿಲ್ಲ. ಎದುರಿಗೆ ಗುಡ್ಡ ಇತ್ತು, ಅದನ್ನ ನೋಡಕೋತ ಕುಂತ್ವಿ.”

“ಏನೂ ಮಾತಾಡಲಿಲ್ಲೇನ್ರಿ?”

“ಏನ ಮಾತಾಡೂದು?” ಎಂದರು ಕಾಕು. ಒಳಗೆ ಹಾಲು ಉಕ್ಕಿದ ಸದ್ದಾಯಿತು, ಎದ್ದು ಹೋದರು.